ಸೌರ ಪಂಪ್‌ಸೆಟ್: ಹಸಿರು ನಾವೀನ್ಯ ಮತ್ತು ಸರ್ಕಾರದ ಲೆಕ್ಕ

ಆಡಳಿತದಲ್ಲಿ ಹಸಿರು ನಾವೀನ್ಯವೆಂದರೆ ಹೊಸ ಯಂತ್ರವನ್ನು ಅಳವಡಿಸುವುದಷ್ಟೇ ಅಲ್ಲ. ಅದರ ವೆಚ್ಚ ಮತ್ತು ಲಾಭ ಯಾರ ಖಾತೆಗೆ ಸೇರಬೇಕೆಂಬುದನ್ನು ನಿರ್ಧರಿಸುವುದೂ ಅದರ ಭಾಗವೇ. ಕನಕಪುರ ತಾಲ್ಲೂಕಿನ ‘ಸೂರ್ಯ ರೈತ’ ಪ್ರಯೋಗ ಇದಕ್ಕೆ ನಿದರ್ಶನ.

ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅದರ ಮೊತ್ತವನ್ನು ಸರ್ಕಾರ ಸಹಾಯಧನವಾಗಿ ವಿದ್ಯುತ್ ಸರಬರಾಜು ಕಂಪನಿಗಳಿಗೆ ನೀಡುತ್ತದೆ. ಕ್ರಾಸ್ ಸಬ್ಸಿಡಿಯ ರೂಪದಲ್ಲಿ ಒಂದು ಪಾಲು ಕೈಗಾರಿಕಾ ಮತ್ತು ವಾಣಿಜ್ಯ ಗ್ರಾಹಕರ ಮೇಲೂ ಬೀಳುತ್ತಾ ಬಂದಿದೆ. ಆದ್ದರಿಂದ ಮಾಗಡಿಯ ತೋಟದ ಪಂಪ್‌ಸೆಟ್‌ಗೂ ರಾಮನಗರ, ಚನ್ನಪಟ್ಟಣದ ಉದ್ಯಮಿಗಳಿಗೂ ಲೆಕ್ಕದ ನಂಟಿದೆ.

ಯೂನಿಟ್‌ನ ಬೆಲೆ ಶೂನ್ಯವಾದಾಗ ಉಳಿತಾಯಕ್ಕೆ ಪ್ರೇರಣೆಯಿರುವುದಿಲ್ಲ. ತ್ರೀ ಫೇಸ್ ವಿದ್ಯುತ್ ಬಂದೊಡನೆ ಆಟೋ ಸ್ಟಾರ್ಟರ್ ಪಂಪನ್ನು ಚಾಲೂ ಮಾಡುತ್ತದೆ. ಬೇಕಿರಲಿ, ಬೇಡದಿರಲಿ ನೀರು ಹರಿಯುತ್ತದೆ, ಅಂತರ್ಜಲ ಕುಸಿಯುತ್ತದೆ.

2014ರಲ್ಲಿ ಪ್ರಕಟವಾದ ಸೂರ್ಯ ರೈತ ಯೋಜನೆ ಈ ಲೆಕ್ಕವನ್ನೇ ತಿರುಗಿಸಿತು. ಹಾರೋಬೆಲೆ ಸಮೀಪದ ನಲ್ಲಹಳ್ಳಿ ಪಂಚಾಯಿತಿಯಲ್ಲಿ 300ಕ್ಕೂ ಹೆಚ್ಚು ಪಂಪ್‌ಸೆಟ್‌ಗಳನ್ನು ಇದಕ್ಕೆ ಆಯ್ಕೆ ಮಾಡಲಾಯಿತು. ನೀರೆತ್ತಿದ ಬಳಿಕ ಮಿಕ್ಕ ಸೌರ ವಿದ್ಯುತ್ತನ್ನು ಬೆಸ್ಕಾಂ ಖರೀದಿಸಬೇಕೆಂಬುದು ವ್ಯವಸ್ಥೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರಲ್ಲಿ ಸಣ್ಣ ಸೌರ ಘಟಕಗಳಿಗೆ ನಿಗದಿಪಡಿಸಿದ್ದ ದರ ಯೂನಿಟ್‌ಗೆ 9.56 ರೂ.; ಬಂಡವಾಳ ಸಹಾಯಧನ ಪಡೆದವರಿಗೆ 7.20 ರೂ. ಎರಡನೆಯ ದರದಲ್ಲಿ 1,000 ಯೂನಿಟ್ ಮಾರಿದರೆ 7,200 ರೂ. ಸಾಲದ ಕಂತು ಕಳೆದು ಉಳಿದದ್ದು ರೈತರ ಆದಾಯ. ಆಗ ವ್ಯರ್ಥವಾಗಿ ಹರಿಸಿದ ನೀರು ಕೈತಪ್ಪಿದ ಆದಾಯವಾಗುತ್ತದೆ.

ಆದರೆ ಸೌರ ವಿದ್ಯುತ್ತಿನ ದರ ಶೀಘ್ರವಾಗಿ ಇಳಿಯಿತು. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಅದು 2.44 ರೂ. ತಲುಪಿತು. ಬೃಹತ್ ಸೌರ ಪಾರ್ಕಿನ ದರವನ್ನು ಹೊಲದ ಘಟಕಕ್ಕೆ ನೇರವಾಗಿ ಹೋಲಿಸಲಾಗದಿದ್ದರೂ, ಹಳೆಯ ದರದಲ್ಲಿ ಯೋಜನೆಯನ್ನು ವಿಸ್ತರಿಸುವುದು ಕಂಪನಿಗಳಿಗೆ ಹೊರೆಯೇ.

2019ರಲ್ಲಿ ಆರಂಭವಾದ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಒಂದಿಡೀ ಫೀಡರ್‌ಗೆ ಒಂದೇ ಸೌರ ಘಟಕದಿಂದ ವಿದ್ಯುತ್ ಒದಗಿಸಲು ಅವಕಾಶವಿದೆ. ಇದರಿಂದ ಹಗಲು ವಿದ್ಯುತ್ ದೊರೆಯುತ್ತದೆ, ಸಹಾಯಧನದ ಹೊರೆಯೂ ತಗ್ಗುತ್ತದೆ. ಆದರೆ ರೈತರ ಪಾಲಿಗೆ ಯೂನಿಟ್‌ನ ಬೆಲೆ ಶೂನ್ಯವಾಗಿಯೇ ಉಳಿದರೆ ಬೊಕ್ಕಸ ಉಳಿದೀತು, ಬೋರ್‌ವೆಲ್ ಉಳಿಯಲಾರದು.

ಪಂಪ್‌ಸೆಟ್‌ಗೆ ಮೀಟರ್ ಅಳವಡಿಸಿ, ನಿಗದಿತ ಮಿತಿಗಿಂತ ಕಡಿಮೆ ಬಳಸಿದವರ ಖಾತೆಗೆ ಪ್ರೋತ್ಸಾಹಧನ ಜಮಾ ಮಾಡುವುದು ಇದಕ್ಕೆ ಪರಿಹಾರ. ಉಳಿಸಿದವರಿಗೆ ಪಾಲು ದೊರೆತಾಗ ಮಾತ್ರ ಹಸಿರು ಯೋಜನೆ ಬಾಳಿಕೆ ಬರುತ್ತದೆ.