ಮಕ್ಕಳ ವಾಕ್‌ಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್ ಚಿತ್ರಣ

ವಾಗಂಗಗಳಲ್ಲಿ ತುಟಿಗಳ ಚಲನೆ ಕಣ್ಣಿಗೆ ಗೋಚರವಾದುದು. ನಾಲಿಗೆಯ ಚಲನೆಯ ಬಹುಭಾಗ ಅಗೋಚರವಾದುದು. 'ಪ', 'ಮ'ಗಳನ್ನು ಮಗು ತಾಯಿಯ ಮುಖವನ್ನು ನೋಡಿಯೂ ಕಲಿಯಬಲ್ಲದು. ಆದರೆ 'ಕ', 'ಗ'ಗಳ ಉಚ್ಚಾರಣೆಯಲ್ಲಿ ನಾಲಿಗೆಯ ಹಿಂಭಾಗವು ಮೃದುತಾಲುವನ್ನು ತಾಗುವ ಕ್ರಿಯೆಯನ್ನು ಅದು ಕಿವಿಯ ಆಧಾರದಿಂದಲೇ ಕಂಡುಕೊಳ್ಳಬೇಕು. ಬಹುತೇಕ ಮಕ್ಕಳು ಇದನ್ನು ಸಹಜವಾಗಿಯೇ ಸಾಧಿಸುತ್ತಾರೆ. ಕೆಲವರಲ್ಲಿ ಮಾತ್ರ 'ಕಾಗೆ'ಯು 'ತಾದೆ'ಯಾಗಿಯೇ ಉಳಿದು, ಶಾಲೆಗೆ ಸೇರಿದ ಮೇಲೂ ಸಹಪಾಠಿಗಳ ಪರಿಹಾಸ್ಯಕ್ಕೆ ಕಾರಣವಾಗುತ್ತದೆ. ಸರಿಯಾದ ಧ್ವನಿಯನ್ನು ಪದೇ ಪದೇ ಕೇಳಿಸುವುದರಿಂದ ಫಲ ದೊರೆಯದ ಇಂಥ ಮಕ್ಕಳಿಗೆ, ಕಾಣದ ನಾಲಿಗೆಯನ್ನು ಕಾಣಿಸುವ ಸಾಧನವಾಗಿ ಅಲ್ಟ್ರಾಸೌಂಡ್ ಚಿತ್ರಣವು ಬಳಕೆಗೆ ಬಂದಿದೆ.

ಈ ವಿಧಾನದಲ್ಲಿ ಶೋಧಕವನ್ನು ಗಲ್ಲದ ಕೆಳಗೆ ಇರಿಸಲಾಗುತ್ತದೆ. ಅದರಿಂದ ಹೊರಡುವ, ಕಿವಿಗೆ ಕೇಳಿಸದಷ್ಟು ಅಧಿಕ ಆವೃತ್ತಿಯ ತರಂಗಗಳು ನಾಲಿಗೆಯ ಮಾಂಸಖಂಡವನ್ನು ಹಾದು, ಅದರ ಮೇಲ್ಮೈಯಲ್ಲಿ ಗಾಳಿಯನ್ನು ಸಂಧಿಸಿದೊಡನೆ ಪ್ರತಿಫಲಿಸುತ್ತವೆ. ಪರಿಣಾಮವಾಗಿ ತೆರೆಯ ಮೇಲೆ ನಾಲಿಗೆಯ ಮೇಲ್ಮೈ ಒಂದು ಬಿಳಿಯ ಬಾಗುಗೆರೆಯಾಗಿ, ಮಾತನಾಡುತ್ತಿರುವಂತೆಯೇ ಮೂಡುತ್ತದೆ. ಕ್ಷ-ಕಿರಣದ ವಿಕಿರಣ ಇದರಲ್ಲಿಲ್ಲ. ಎಲೆಕ್ಟ್ರೋಪ್ಯಾಲಟೋಗ್ರಫಿಯಲ್ಲಿ ಪ್ರತಿಯೊಂದು ಮಗುವಿನ ಅಂಗುಳಿನ ಅಳತೆಗೆ ಬೇರೆ ಬೇರೆ ಫಲಕವನ್ನು ಮಾಡಿಸಬೇಕಾಗುವುದು; ಇಲ್ಲಿ ಒಂದೇ ಯಂತ್ರ ಎಲ್ಲರಿಗೂ ಸಾಕು.

ವಾಕ್‌ಶಿಕ್ಷಣದಲ್ಲಿ ಅಲ್ಟ್ರಾಸೌಂಡ್ ಬಳಕೆಯ ಪ್ರಾಥಮಿಕ ಫಲಿತಾಂಶಗಳನ್ನು ಅಮೆರಿಕದ ಶಾಕರ್ ಮತ್ತು ಸೋನೀಸ್ ಎಂಬ ಸಂಶೋಧಕರು 1985ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಬರ್ನ್‌ಹಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಶ್ರವಣದೋಷವುಳ್ಳ ಹದಿಹರೆಯದವರಲ್ಲಿ ನಡೆಸಿದ ಕಾರ್ಯ 2003ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೋನ್ ಕ್ಲೆಲ್ಯಾಂಡ್, ಜೇಮ್ಸ್ ಸ್ಕಾಬಿ ಮತ್ತು ಅಲನ್ ರೆಂಚ್ ಅವರು ಉಚ್ಚಾರಣದೋಷವು ದೀರ್ಘಕಾಲ ಉಳಿದ ಮಕ್ಕಳಿಗೆ ಇದೇ ಸಾಧನವನ್ನು ಅನ್ವಯಿಸಿದ ಅಧ್ಯಯನವು 2015ರಲ್ಲಿ ಬೆಳಕು ಕಂಡಿತು.

ಈ ಚಿತ್ರದ ಪ್ರಯೋಜನ ಎರಡು ಬಗೆಯದು. ಮೊದಲನೆಯದು ದೋಷದ ಸ್ವರೂಪವನ್ನು ಅರಿಯುವುದು. ಕೇಳುವವರಿಗೆ 'ತ' ಎಂದೇ ತೋರುವ ಎರಡು ಉಚ್ಚಾರಣೆಗಳ ಹಿಂದೆ ನಾಲಿಗೆಯ ಎರಡು ಭಿನ್ನ ಕ್ರಿಯೆಗಳಿರಬಹುದು. ಒಂದು ಮಗು 'ಕ'ಕಾರಕ್ಕಾಗಿ ನಾಲಿಗೆಯ ಮುಂಭಾಗವನ್ನಷ್ಟೇ ಎತ್ತಿದರೆ, ಇನ್ನೊಂದು ಮಗು ಮುಂಭಾಗವನ್ನೂ ಹಿಂಭಾಗವನ್ನೂ ಒಟ್ಟಿಗೆ ಅಂಗುಳಿಗೆ ಒತ್ತುತ್ತಿರಬಹುದು. ಎರಡನೆಯ ಮಗು ಗುರಿಯ ಸಮೀಪಕ್ಕೆ ಬಂದಿದೆ. ಕಿವಿಗೆ ಮಾತ್ರ ಅದು ತಿಳಿಯದು. ಹೀಗಾಗಿ 'ಗಮನವಿಟ್ಟು ಹೇಳುವುದಿಲ್ಲ' ಎಂಬ ಆಕ್ಷೇಪ ಅನೇಕ ಸಂದರ್ಭಗಳಲ್ಲಿ ಮಗುವಿಗೆ ಮಾಡಿದ ಅನ್ಯಾಯವೇ ಆಗುತ್ತದೆ.

ಎರಡನೆಯದು ಚಿಕಿತ್ಸೆ. ಚಿಕಿತ್ಸಕರು ತಮ್ಮ ನಾಲಿಗೆಯ ಚಿತ್ರವನ್ನು ಮೊದಲು ತೋರಿಸಿ, ಬಾಗುಗೆರೆಯ ಹಿಂಭಾಗ ಏರಬೇಕಾದ ಎತ್ತರವನ್ನು ತೆರೆಯ ಮೇಲೆ ಗುರುತಿಸುತ್ತಾರೆ. ಮಗು ತನ್ನ ನಾಲಿಗೆಯನ್ನು ಆ ಗುರುತಿಗೆ ಮುಟ್ಟಿಸಲು ಯತ್ನಿಸುತ್ತದೆ. ಧ್ವನಿ ಸರಿಯೋ ತಪ್ಪೋ ಎಂಬ ತೀರ್ಪಿನ ಬದಲು ಕ್ರಿಯೆ ಹೇಗೆ ನಡೆಯಿತೆಂಬ ಹಿಮ್ಮಾಹಿತಿ ಅದಕ್ಕೆ ದೊರೆಯುತ್ತದೆ. ಆದರೆ ಹೊಸ ಚಲನೆ ಕೈಗೂಡಿದ ಬಳಿಕ ಚಿತ್ರವನ್ನು ಕ್ರಮೇಣ ಮರೆಮಾಡಿ, ಅಕ್ಷರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ಅಭ್ಯಾಸವನ್ನು ಒಯ್ಯಬೇಕು. ತೆರೆಯ ಮುಂದೆ ಮಾತ್ರ ಸರಿಯಾಗುವ ಉಚ್ಚಾರಣೆ ಕಲಿಕೆ ಎನಿಸದು.

ಸಾಧನದ ಮಿತಿಗಳೂ ಗಮನಾರ್ಹ. ದವಡೆಯ ಎಲುಬಿನ ನೆರಳಿನಿಂದ ನಾಲಿಗೆಯ ತುದಿ ಹಲವೊಮ್ಮೆ ಮರೆಯಾಗುತ್ತದೆ. ಅಂಗುಳು ಸಾಮಾನ್ಯವಾಗಿ ಚಿತ್ರದಲ್ಲಿ ಮೂಡುವುದಿಲ್ಲ. ತುಟಿ, ಮೂಗು, ಧ್ವನಿತಂತುಗಳ ಕಾರ್ಯ ಇದರ ವ್ಯಾಪ್ತಿಗೆ ಹೊರತಾದುದು. ಇದುವರೆಗಿನ ಅಧ್ಯಯನಗಳ ಬಹುಪಾಲು ಕೆಲವೇ ಮಕ್ಕಳನ್ನು ಒಳಗೊಂಡವು. ಆಶಾದಾಯಕ ಫಲಿತಾಂಶಗಳಿದ್ದರೂ ಎಲ್ಲ ಮಕ್ಕಳೂ ಸಮಾನ ಪ್ರಗತಿ ತೋರಿಲ್ಲ.

ಕನ್ನಡದ ಸಂದರ್ಭದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಅಲೆಕ್ಸಿ ಕೊಚೆಟೊವ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಎನ್. ಶ್ರೀದೇವಿ ಮೊದಲಾದವರು ಕನ್ನಡದ ದ್ವಿತ್ವ ಸ್ಪರ್ಶಗಳನ್ನು ಅಲ್ಟ್ರಾಸೌಂಡ್ ಮುಂತಾದ ಸಾಧನಗಳಿಂದ ಪರಿಶೀಲಿಸಿದ ಪ್ರಬಂಧ 2014ರಲ್ಲಿ ಪ್ರಕಟವಾಗಿದೆ. 'ತ'–'ಟ', 'ಲ'–'ಳ' ಭೇದಗಳು ಅರ್ಥವನ್ನೇ ಬದಲಿಸುವ ಭಾಷೆಯಲ್ಲಿ ನಾಲಿಗೆಯ ತುದಿಯ ನೆಲೆ ನಿರ್ಣಾಯಕವಾದುದು. ಯಂತ್ರ ದುರ್ಬಲವಾಗುವುದೂ ಅಲ್ಲಿಯೇ. ಆದ್ದರಿಂದ ಇಂಗ್ಲಿಷ್ ಮಕ್ಕಳಿಗೆ ರೂಪಿಸಿದ ಕ್ರಮವನ್ನು ಇಲ್ಲಿ ಹಾಗೆಯೇ ಅನುಸರಿಸಲಾಗದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ಕೇಂದ್ರಗಳಿಗೆ ಅಲ್ಟ್ರಾಸೌಂಡ್ ಯಂತ್ರಗಳನ್ನು ಮಾರುವಂತಿಲ್ಲ. ವಾಕ್‌ಚಿಕಿತ್ಸಾಲಯಗಳು ಈ ನಿಯಮವನ್ನೂ ಲಕ್ಷಿಸಬೇಕಾಗುತ್ತದೆ. ಹೆಣ್ಣುಮಗುವಿನ ಹುಟ್ಟನ್ನೇ ತಡೆಯಲು ದುರ್ಬಳಕೆಯಾದ ಯಂತ್ರವೇ ಮಗುವಿನ ಮಾತನ್ನು ತಿದ್ದಲೂ ನೆರವಾಗಬಲ್ಲದು. ಆ ನೆರವು ಯಂತ್ರದಿಂದಷ್ಟೇ ಒದಗದು. ಕನ್ನಡ ಧ್ವನಿಗಳ ಸೂಕ್ಷ್ಮವನ್ನು ಬಲ್ಲ ಚಿಕಿತ್ಸಕರ ಕಿವಿ ಮತ್ತು ತಾಳ್ಮೆ ಅದರೊಂದಿಗೆ ಕೂಡಬೇಕು.