ಬಾರ್‌ಗೆ ಬೋರ್ಡ್ ಇದೆ, ಈ ಸಭೆಗೆ ಯಾಕಿಲ್ಲ?

ವೀಕ್ಷಕರೇ, ಮದ್ಯದಂಗಡಿ ಹುಡುಕೋಕೆ ಯಾರಿಗೂ ವಿಳಾಸ ಬೇಕಾಗಿಲ್ಲ. ಕತ್ತಲಲ್ಲೂ ಬೋರ್ಡ್ ಹೊಳೀತಾ ಇರುತ್ತೆ. ಆದರೆ ಕುಡಿತ ಬಿಟ್ಟವರು, ಬಿಡಬೇಕು ಅಂತಿರೋರು ಒಟ್ಟಿಗೆ ಸೇರುವ ಸಭೆ ಎಲ್ಲಿದೆ ಅಂತ ಕೇಳಿ ನೋಡಿ. ಪಕ್ಕದ ಬೀದಿಯಲ್ಲೇ ನಡೀತಿದ್ದರೂ ಗೊತ್ತಿರಲ್ಲ.

ಕುಡಿತದ ಬಗ್ಗೆ ಕಾರ್ಯಕ್ರಮ ಮಾಡಿದ ರಾತ್ರಿ ನಮಗೆ ಫೋನ್ ಬರೋದು ಹೆಚ್ಚಾಗಿ ಹೆಣ್ಣುಮಕ್ಕಳಿಂದ. ಬಂಗಾರಪೇಟೆ ತಾಲೂಕಿನ ಕಾಮಸಮುದ್ರದ ಕಡೆಯಿಂದ ಮಾತಾಡಿದ ಒಬ್ಬ ತಾಯಿ ಸರ್ಕಾರವನ್ನೂ ಬೈಲಿಲ್ಲ, ಬಾರನ್ನೂ ಬೈಲಿಲ್ಲ. ‘ಬಿಡ್ತೀನಿ ಅಂತ ಅವರೇ ಹೇಳ್ತಾವ್ರೆ ಸಾರ್. ಎಲ್ಲಿಗೆ ಕರ್ಕೊಂಡು ಹೋಗೋದು, ಅದು ಹೇಳಿ’ ಅಂದರು. ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಮ್ಸ್ ಸಮೀಕ್ಷೆ ಹೇಳೋದನ್ನ ಕೇಳಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಸುಮಾರು ಒಬ್ಬರಿಗೆ. ಉಳಿದ 37 ಜನರಿಗೂ ಬಿಡೋ ಮನಸ್ಸೇ ಇರಲಿಲ್ಲ ಅಂದರೆ ನಾನು ಒಪ್ಪಲ್ಲ. ಕೆಲವರಿಗೆ ದಾರಿ ಗೊತ್ತಿಲ್ಲ, ಕೆಲವರಿಗೆ ನಾಚಿಕೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಚಟ ನಿಂತಿತಾ? ಅಂಗಡಿ ಮುಚ್ಚೋದು ಒಂದು ಕೆಲಸ, ಮನುಷ್ಯನಿಗೆ ಜೊತೆ ಕೊಡೋದು ಇನ್ನೊಂದು.

ಈ ಜೊತೆಯ ಲೆಕ್ಕ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ವ್ಯವಹಾರಕ್ಕೆ ಅಂತ ಅಲ್ಲಿಗೆ ಹೋದ. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಬಾರ್ ಕರೀತಾ ಇತ್ತು. ಆತ ಒಳಗೆ ಹೋಗಲಿಲ್ಲ, ಫೋನ್ ಎತ್ತಿಕೊಂಡ. ಚರ್ಚ್‌ನವರಿಗೆ ಫೋನ್ ಮಾಡಿ, ತನ್ನ ಹಾಗೇ ಕುಡಿತದಲ್ಲಿ ಒದ್ದಾಡ್ತಿರೋ ಒಬ್ಬರನ್ನ ತೋರಿಸಿ ಅಂದ. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಇಬ್ಬರ ಮಾತುಕತೆಯಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ‘ಎಎ’. ಭಾರತಕ್ಕೆ ಬಂದದ್ದು 1957ರಲ್ಲಿ.

ಬೋರ್ಡ್ ಯಾಕಿಲ್ಲ ಅನ್ನೋದಕ್ಕೆ ಉತ್ತರ ಆ ಹೆಸರಲ್ಲೇ ಇದೆ. ಅನಾನಿಮಸ್ ಅಂದರೆ ಅನಾಮಿಕರು. ಅಲ್ಲಿ ಬಂದವರ ಹೆಸರು ಹೊರಗೆ ಹೋಗಬಾರದು. ಪ್ರಚಾರವೂ ಬೇಡ ಅನ್ನೋದು ಅವರ ಪದ್ಧತಿ.

ಒಳಗೆ ಏನು ನಡೆಯುತ್ತೆ? ಸುಮಾರು ಒಂದು, ಒಂದೂವರೆ ಗಂಟೆ. ಕುರ್ಚಿ ಹಾಕಿಕೊಂಡು ಕೂತಿರ್ತಾರೆ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳ್ತಾರೆ. ಮಧ್ಯೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನೀವು ಮಾತಾಡಲೇಬೇಕು ಅಂತಿಲ್ಲ, ಸುಮ್ಮನೆ ಕೂತು ಕೇಳಬಹುದು. ಫೀಸ್ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ದರೆ ಸಾಕು. ಎಷ್ಟೋ ಕಡೆ ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ಸೇರ್ತಾರೆ, ಆದರೆ ಅದು ಯಾವ ಮತದ ಸಭೆಯೂ ಅಲ್ಲ. ಮನೆಯವರಿಗಾಗಿ ‘ಅಲ್-ಅನಾನ್’ ಅನ್ನೋ ಬೇರೆ ಗುಂಪೇ ಇದೆ. ಗಂಡ ಬರದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಇದರಿಂದ ಉಪಯೋಗ ಇದೆಯಾ? ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ತೋರಿಸದೆ ಒಪ್ಪೋದು ಕಷ್ಟ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನ, 10,565 ಜನರ ಮಾಹಿತಿ ಒಟ್ಟು ಹಾಕಿ ನೋಡಿತು. ಒಂದು ವರ್ಷದ ನಂತರ ಪೂರ್ತಿ ಬಿಟ್ಟಿದ್ದವರು ಎಎ ದಾರಿಯಲ್ಲಿ ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಪವಾಡ ಅಲ್ಲ. ಆದರೆ ಕಾಸು ಕೇಳದ ಒಂದು ಕೋಣೆಗೆ ಇದು ಸಣ್ಣ ಫಲಿತಾಂಶವೂ ಅಲ್ಲ.

ಒಂದು ಎಚ್ಚರಿಕೆ. ದಿನಾ ವಿಪರೀತ ಕುಡಿಯೋರು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್, ಮೂರನೇ ದಿನದ ಹೊತ್ತಿಗೆ ಭ್ರಮೆ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರು, ಆಮೇಲೆ ಸಭೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ. ದೊಡ್ಡ ಸಮಸ್ಯೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ.

ಸಭೆ ಹುಡುಕೋದು ಹೇಗೆ? ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸು ಕುಸಿದಾಗ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ನಿಮಗೆ ಹತ್ತಿರದ ಗುಂಪು ಯಾವುದು ಅಂತ ಡಾಕ್ಟರನ್ನೂ ಕೇಳಿ. ಎಎ ಇಂಡಿಯಾದ ವೆಬ್‌ಸೈಟ್ ನೋಡಿ, ಫೋನಿನಲ್ಲೇ ಸೇರಬಹುದಾದ ಸಭೆಗಳೂ ಇವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿ ಕಡೆ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ ಅಂತ ಸೇರ್ತಾರೆ. ಅಲ್ಲೂ ಒಬ್ಬರಿಗೊಬ್ಬರು ಆಸರೆ ಅನ್ನೋದೇ ತಿರುಳು. ಯೋಜನೆಯ ಸಂಘ ನಿಮ್ಮೂರಲ್ಲಿದ್ದರೆ ಮುಂದಿನ ಶಿಬಿರ ಯಾವಾಗ ಅಂತ ವಿಚಾರಿಸಿ.

‘ಊರವರು ನೋಡಿದರೆ?’ ಅಂತ ಕೇಳ್ತೀರಿ. ಕುಡಿದು ಬಿದ್ದಾಗ ಊರೆಲ್ಲ ನೋಡಿರುತ್ತೆ. ಆಗ ಆಗದ ನಾಚಿಕೆ ಬಿಡೋಕೆ ಹೋಗುವಾಗ ಯಾಕೆ? ಆದರೂ ಸಂಕೋಚ ಇದ್ದರೆ ತಪ್ಪಿಲ್ಲ, ಬೇರೆ ಊರಿನ ಸಭೆಗೆ ಹೋಗಿ. ಕಾಮಸಮುದ್ರದ ಸ್ಟೇಷನ್ ಇರೋದೇ ಬೆಂಗಳೂರು–ಚೆನ್ನೈ ಮಾರ್ಗದಲ್ಲಿ. ಕೆಲಸಕ್ಕೆ ಅಂತ ದಿನಾ ರೈಲು ಹತ್ತೋ ಜನ, ವಾರಕ್ಕೊಮ್ಮೆ ಜೀವಕ್ಕೆ ಅಂತ ಹತ್ತಬಹುದು.

ಒಂದೇ ಸಭೆ ನೋಡಿ ತೀರ್ಮಾನ ಮಾಡಬೇಡಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಮಧ್ಯೆ ಮತ್ತೆ ಕುಡಿದರೂ ಬಾಗಿಲು ಹಾಕಿರಲ್ಲ. ಅಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಹಾಗೇ ಬಿದ್ದು ಎದ್ದು ಬಂದವರು. ನಿಮಗಾಗಿ ಒಂದು ಕುರ್ಚಿ ಎಳೆದು ಹಾಕ್ತಾರೆ, ಅಷ್ಟೇ.