ಯಾವ ಬ್ರೇಕ್ ಇದು?

ಮೊನ್ನೆ ಪ್ರಾಜೆಕ್ಟ್ ರಿಪೋರ್ಟ್‌ಗೆ ತುಂಗಭದ್ರಾ ಜಲಾಶಯದ ಬಗ್ಗೆ ಬರೆಯುತ್ತಿದ್ದೆವು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಈ ಅಣೆಕಟ್ಟಿನ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೂ ನೆನಪಿರಬೇಕು. ಅದಕ್ಕೆ ನಾವು ಇಂಗ್ಲಿಷಿನಲ್ಲಿ ಕೊಟ್ಟ ಶೀರ್ಷಿಕೆ ‘ಚೈನ್ ಬ್ರೇಕ್’. ಕೇಳೋಕೆ ಸರಿಯಾಗೇ ಇತ್ತು. ಬರೆದದ್ದು ಮಾತ್ರ ಬಿ-ಆರ್-ಎ-ಕೆ-ಇ, ಅಂದರೆ ಗಾಡಿ ನಿಲ್ಲಿಸುವ ಬ್ರೇಕ್! ಮುರಿಯುವ ಬ್ರೇಕ್ ಬಿ-ಆರ್-ಇ-ಎ-ಕೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಸುಮ್ಮನಿತ್ತು. ಭಾರ ಎತ್ತುವ ಯಂತ್ರಗಳಲ್ಲಿ ಬ್ರೇಕೂ ಇರುತ್ತದೆ. ಹಾಗಾಗಿ ಓದಿದವರು ‘ಕೆಟ್ಟದ್ದು ಬ್ರೇಕ್’ ಅಂದುಕೊಂಡರೆ ತಪ್ಪು ಅವರದಲ್ಲ, ನಮ್ಮದು.

ಯಾಕೆ ಹೀಗಾಗುತ್ತೆ? ಕನ್ನಡದಲ್ಲಿ ಹೆಚ್ಚುಕಡಿಮೆ ಕೇಳಿದ ಹಾಗೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಉಚ್ಚಾರ ಬದಲಾದರೂ ಎಷ್ಟೋ ಪದಗಳ ಸ್ಪೆಲ್ಲಿಂಗ್ ಹಳೆಯದೇ ಉಳಿದಿದೆ. ನೋಟ ಎಂಬ ಅರ್ಥದ ‘ಸೈಟ್’ನಲ್ಲಿರುವ ಜಿ-ಎಚ್ ಒಂದು ಕಾಲಕ್ಕೆ ಗಂಟಲಿನಿಂದ ಹೊರಡುವ ಸದ್ದಾಗಿತ್ತು. ಸದ್ದು ಹೋಯಿತು, ಅಕ್ಷರ ಉಳಿಯಿತು.

ಇಂಥ ಜೋಡಿಗಳನ್ನು ನಾವೀಗ ನಮ್ಮೂರುಗಳ ಜೊತೆ ಸೇರಿಸಿ ನೆನಪಿಡುತ್ತಿದ್ದೇವೆ.

ಹೊಸಪೇಟೆ: ಮುರಿಯುವ ಬ್ರೇಕ್‌ಗೆ ಬ್ರೇಕ್‌ಫಾಸ್ಟ್ ನೆನೆಯಿರಿ. ರಾತ್ರಿಯ ಉಪವಾಸ ಮುರಿಯೋದೇ ಬ್ರೇಕ್‌ಫಾಸ್ಟ್. ಸ್ಪೆಲ್ಲಿಂಗೂ ಅದೇ.

ಹಂಪಿ: 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹಂಪಿ ಒಂದು ಸೈಟ್, ಎಸ್-ಐ-ಟಿ-ಇ, ಅಂದರೆ ಜಾಗ. ಮಾತಂಗ ಬೆಟ್ಟದಿಂದ ಕಾಣುವ ನೋಟ ಇನ್ನೊಂದು ಸೈಟ್, ಎಸ್-ಐ-ಜಿ-ಎಚ್-ಟಿ. ಲೈಟ್ ಇದ್ದರೆ ತಾನೇ ನೋಟ? ಲೈಟ್‌ನ ಜಿ-ಎಚ್ ಇಲ್ಲೂ ಇದೆ. ರಿಪೋರ್ಟ್‌ನಲ್ಲಿ ಆಕರ ಹೇಳುವುದು ಮೂರನೆಯ ಸೈಟ್, ಸಿ-ಐ-ಟಿ-ಇ. ಸೈಟೇಷನ್ ಕೂಡ ಸಿ-ಯಿಂದಲೇ ಶುರು.

ಸಂಡೂರು: ಇಲ್ಲಿನ ಗಣಿಗಳಿಂದ ಬರುವ ಕಬ್ಬಿಣದ ಅದಿರು ಓರ್, ಓ-ಆರ್-ಇ. ದೋಣಿಯ ಹುಟ್ಟು ಕೂಡ ಓರ್, ಆದರೆ ಓ-ಎ-ಆರ್. ಬೋಟ್‌ನ ಓ-ಎ ಅದರಲ್ಲಿದೆ.

ಕಂಪ್ಲಿ: ಕಬ್ಬಿನ ಬೇರು ರೂಟ್, ಎರಡು ಓ. ಹೊಸಪೇಟೆಯಿಂದ ಕಂಪ್ಲಿಗೆ ಬಸ್ ಹೋಗುವ ದಾರಿಯೂ ರೂಟ್, ಆದರೆ ಟೂರ್‌ನಲ್ಲಿರುವ ಹಾಗೆ ಓ-ಯು.

ಒಂದು ಮಜಾ ನೋಡ್ರಿ. ಕನ್ನಡದ ‘ಅದಿರು’ಗೆ ನಡುಗು ಅಂತಲೂ ಅರ್ಥವಿದೆ. ‘ಹುಟ್ಟು’ ಅಂದರೆ ಜನನವೂ ಹೌದು. ಆದರೂ ‘ಭೂಮಿ ಅದಿರಿತು’ ಅಂದಾಗ ಯಾರೂ ಗಣಿ ಅಂದುಕೊಳ್ಳಲ್ಲ. ಅಕ್ಕಪಕ್ಕದ ಪದ ನೋಡಿ ಅರ್ಥ ಹಿಡಿಯುವ ಜಾಣ್ಮೆ ನಮಗೆ ಮನೆಯಲ್ಲೇ ಬಂದಿದೆ. ಇಂಗ್ಲಿಷ್ ಕೇಳುವಾಗಲೂ ಅದು ಕೆಲಸ ಮಾಡುತ್ತದೆ. ಬರೆಯುವಾಗ ಮಾತ್ರ ಅರ್ಥದ ಜೊತೆಗೆ ಅಕ್ಷರವನ್ನೂ ನಾವೇ ಆರಿಸಬೇಕು.

ಅದಕ್ಕೇ ಈಗ ನಮ್ಮದೊಂದು ನಿಯಮ: ರಿಪೋರ್ಟ್ ಕೊಡುವ ಮುನ್ನ ಇಂಥ ಪದಗಳನ್ನು ಒಂದೊಂದಾಗಿ ಸರ್ಚ್ ಮಾಡಿ, ಅಲ್ಲಿ ಯಾವ ಅರ್ಥ ಬೇಕು ಅಂತ ಕೇಳಿಕೊಳ್ಳುವುದು. ಐದು ನಿಮಿಷದ ಕೆಲಸ. ಮೊನ್ನೆ ಅಷ್ಟು ಮಾಡಿದ್ದರೆ ಚೈನ್‌ನ ತಪ್ಪನ್ನು ಬ್ರೇಕ್ ಮೇಲೆ ಹಾಕುತ್ತಿರಲಿಲ್ಲ.